ಮೆಸ್ಸಿ ಬಿಟ್ಟುಹೋದ ವರ್ಷ ಬಾರ್ಸಿಲೋನಾದಲ್ಲಿ ನಿಜಕ್ಕೂ ನಡೆದದ್ದೇನು?

ಪ್ರಶ್ನೆ: 2021ರಲ್ಲಿ ಮೆಸ್ಸಿ ಅರ್ಧ ಸಂಬಳಕ್ಕೆ ಒಪ್ಪಿಕೊಂಡಿದ್ದರು. ಆದರೂ ದುಡ್ಡಿಲ್ಲ ಎಂದು ಬಾರ್ಸಿಲೋನಾ ಅವರನ್ನು ಬಿಟ್ಟುಕೊಟ್ಟಿತು. ಐದು ತಿಂಗಳು ಕಳೆಯುವುದರೊಳಗೆ ಅದೇ ಕ್ಲಬ್ ಫೆರಾನ್ ಟೊರೆಸ್‌ಗಾಗಿ 5.5 ಕೋಟಿ ಯೂರೊ ಕೊಟ್ಟಿತು. ಹಾಗಾದರೆ ದುಡ್ಡಿಲ್ಲ ಎಂದದ್ದು ಸುಳ್ಳೇ? ಐಪಿಎಲ್ ತಂಡಗಳಿಗೆ ಇರುವಂತೆ ಅಲ್ಲಿಯೂ ‘ಪರ್ಸ್’ ಇದೆಯೇ? ಮೆಸ್ಸಿ ಸಂಬಳವೇ ಇಲ್ಲದೆ ಆಡಬಹುದಿತ್ತಲ್ಲವೇ? ಅವರ ಒಪ್ಪಂದದಲ್ಲಿ 70 ಕೋಟಿ ಯೂರೊ ಬಿಡುಗಡೆ ಮೊತ್ತವಿತ್ತು (ಒಪ್ಪಂದ ಮುಗಿಯುವ ಮೊದಲೇ ಕರೆದೊಯ್ಯಲು ಬೇರೆ ಕ್ಲಬ್ ಕಟ್ಟಬೇಕಾದ ಹಣ) ಎಂದು ಓದಿದ್ದೆ. ಕ್ಲಬ್ಬಿಗೆ ಒಂದು ಪೈಸೆಯೂ ಬರಲಿಲ್ಲವೇಕೆ?

ಉತ್ತರ: ಸುಳ್ಳಲ್ಲ. ಆದರೆ ಆ ಬೇಸಿಗೆಯಲ್ಲಿ ಬಾರ್ಸಿಲೋನಾಕ್ಕೆ ಕಡಿಮೆ ಬಿದ್ದದ್ದು ಬ್ಯಾಂಕಿನಲ್ಲಿರುವ ಹಣವಲ್ಲ, ಆಟಗಾರನ ಹೆಸರನ್ನು ಲೀಗ್‌ನಲ್ಲಿ ನೋಂದಾಯಿಸಲು ಬೇಕಾದ ಅವಕಾಶ. ಇವೆರಡನ್ನೂ ಒಂದೇ ಎಂದುಕೊಂಡರೆ 2021-22ರ ಋತುವಿನಲ್ಲಿ ಆ ಕ್ಲಬ್ ಮಾಡಿದ ಒಂದು ಕೆಲಸಕ್ಕೂ ಅರ್ಥ ಹೊಳೆಯುವುದಿಲ್ಲ. ಬೇರೆ ಬೇರೆ ಎಂದು ನೋಡಿದರೆ ಮೆಸ್ಸಿಯ ಕಣ್ಣೀರಿನಿಂದ ಫೆರಾನ್‌ವರೆಗೆ ಎಲ್ಲವೂ ಒಂದೇ ಎಳೆಯಲ್ಲಿ ಬರುತ್ತವೆ.

ಮೊದಲು ನಿಮ್ಮ ಐಪಿಎಲ್ ಮಾತು. ಐಪಿಎಲ್‌ನಲ್ಲಿ ಎಲ್ಲ ತಂಡಗಳಿಗೂ ಒಂದೇ ಮೊತ್ತದ ಪರ್ಸ್. ಸ್ಪೇನಿನ ಲೀಗ್ ಆದ ಲಾ ಲಿಗಾದಲ್ಲಿ ಹಾಗಿಲ್ಲ. 2013ರಿಂದ ಅಲ್ಲಿ ಪ್ರತಿ ಕ್ಲಬ್ಬಿಗೂ ಅದರದೇ ವರಮಾನದ ಮೇಲೆ ಪ್ರತ್ಯೇಕ ಮಿತಿ ನಿಗದಿಯಾಗುತ್ತದೆ. ವರ್ಷಕ್ಕೆ ಬರುವ ಆದಾಯದಿಂದ ಆಟಕ್ಕೆ ಸಂಬಂಧಿಸದ ಖರ್ಚನ್ನೂ ತೀರಿಸಬೇಕಾದ ಸಾಲದ ಕಂತನ್ನೂ ಕಳೆಯುತ್ತಾರೆ. ಉಳಿದದ್ದರಲ್ಲಿ ಆಟಗಾರರು ಮತ್ತು ಕೋಚ್‌ಗಳ ಸಂಬಳ, ಎಳೆಯರ ತಂಡಗಳ ಖರ್ಚು, ಹಿಂದೆ ಖರೀದಿಸಿದ ಆಟಗಾರರ ಬೆಲೆಯ ಆ ವರ್ಷದ ಪಾಲು, ಎಲ್ಲವೂ ಅಡಗಬೇಕು. ಋತು ಮುಗಿದ ಮೇಲೆ ದಂಡ ಹಾಕುವ ಪದ್ಧತಿಯಲ್ಲ ಇದು. ಮಿತಿಯೊಳಗೆ ಬರದಿದ್ದರೆ ಆಟಗಾರನ ಹೆಸರೇ ನೋಂದಣಿಯಾಗುವುದಿಲ್ಲ, ಅವನು ಅಂಗಳಕ್ಕೆ ಇಳಿಯುವುದೇ ಇಲ್ಲ.

ಬಾರ್ಸಿಲೋನಾದ ಮಿತಿ 2019-20ರಲ್ಲಿ ಸುಮಾರು 67 ಕೋಟಿ ಯೂರೊ ಇತ್ತು. ಕೋವಿಡ್ ಬಂತು, ಕ್ಯಾಂಪ್ ನೌ ಅಂಗಳ ಖಾಲಿಯಾಯಿತು, ವಸ್ತುಸಂಗ್ರಹಾಲಯಕ್ಕೆ ಪ್ರವಾಸಿಗರು ಬರಲಿಲ್ಲ. ಮರುವರ್ಷ ಮಿತಿ 35 ಕೋಟಿಯ ಆಸುಪಾಸಿಗೆ ಇಳಿಯಿತು. 2021ರ ಸೆಪ್ಟೆಂಬರ್‌ನಲ್ಲಿ ಲೀಗ್ ಪ್ರಕಟಿಸಿದ ಪಟ್ಟಿಯಲ್ಲಿ ಅದು 9.79 ಕೋಟಿ. ಅದೇ ಪಟ್ಟಿಯಲ್ಲಿ ರಿಯಲ್ ಮ್ಯಾಡ್ರಿಡ್‌ನದು 73.9 ಕೋಟಿ! ಒಂದೇ ಲೀಗ್, ಒಂದೇ ಸಾಂಕ್ರಾಮಿಕ, ನಡುವೆ ಏಳೂವರೆ ಪಟ್ಟು ಅಂತರ. ಎಲ್ಲವನ್ನೂ ಕೋವಿಡ್ ತಲೆಗೆ ಕಟ್ಟುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು.

ಇಷ್ಟು ಕೆಳಗೆ ಬಂದದ್ದು ಹೇಗೆ? ಆರಂಭ 2017ರ ಆಗಸ್ಟ್‌ನಲ್ಲಿದೆ. ನೇಮಾರ್ ಒಪ್ಪಂದದಲ್ಲಿದ್ದ 22.2 ಕೋಟಿ ಯೂರೊ ಬಿಡುಗಡೆ ಮೊತ್ತವನ್ನು ಕಟ್ಟಿ ಪ್ಯಾರಿಸ್‌ನ ಪಿಎಸ್‌ಜಿ ಅವರನ್ನು ಕರೆದೊಯ್ದಿತು. ಕೈಯಲ್ಲಿ ಅಷ್ಟು ಹಣವಿದೆ ಎಂದು ಯುರೋಪಿನ ಎಲ್ಲ ಕ್ಲಬ್ಬುಗಳಿಗೂ ಗೊತ್ತಾದ ಮೇಲೆ ಬಾರ್ಸಿಲೋನಾ ಯಾರ ಬಾಗಿಲಿಗೆ ಹೋದರೂ ಬೆಲೆ ಏರುತ್ತಿತ್ತು. ಅದೇ ತಿಂಗಳು ಡೆಂಬೆಲೆಗೆ 10.5 ಕೋಟಿ ಮತ್ತು ಮೇಲೆ ಬೋನಸ್. 2018ರ ಜನವರಿಯಲ್ಲಿ ಕುಟಿನ್ಯೊಗೆ ಬೋನಸ್ ಬಿಟ್ಟೇ 12 ಕೋಟಿ. 2019ರಲ್ಲಿ ಗ್ರೀಜ್‌ಮನ್‌ಗೆ ಮತ್ತೆ 12 ಕೋಟಿ. ಬೆಲೆಗಿಂತಲೂ ಕ್ಲಬ್ಬಿನ ಬೆನ್ನು ಮುರಿದದ್ದು ಅವುಗಳ ಜೊತೆ ಬಂದ ಸಂಬಳ. ಬಂದವರಿಗೆ ಇಷ್ಟಾದರೆ ಮೊದಲಿನಿಂದ ಇದ್ದವರಿಗೆ ಎಷ್ಟು ಎಂಬ ಪ್ರಶ್ನೆ ಏಳುತ್ತದೆ, ಹಳಬರ ಒಪ್ಪಂದಗಳೂ ಮೇಲೇರುತ್ತವೆ. ಮೆಸ್ಸಿಯ ನಾಲ್ಕು ವರ್ಷಗಳ ಒಪ್ಪಂದದ ಒಟ್ಟು ಮೊತ್ತ ಬೋನಸ್ ಎಲ್ಲ ಸೇರಿ ಗರಿಷ್ಠ 55.5 ಕೋಟಿ ಯೂರೊ ಎಂದು 2021ರ ಜನವರಿ ಕೊನೆಯಲ್ಲಿ ಸ್ಪೇನಿನ ‘ಎಲ್ ಮುಂಡೊ’ ಪತ್ರಿಕೆ ಬಯಲು ಮಾಡಿತು. ಆ ಅಂಕಿ ಕಂಡು ಎಲ್ಲರೂ ಮೆಸ್ಸಿಯತ್ತ ಬೆರಳು ತೋರಿಸಿದರು. ನನಗೆ ಅದು ಸರಿ ಕಾಣುವುದಿಲ್ಲ. ಮೆಸ್ಸಿಯಿಂದ ಕ್ಲಬ್ಬಿಗೆ ಬರುತ್ತಿದ್ದ ಆದಾಯ ಎಲ್ಲರಿಗೂ ಕಾಣುತ್ತಿತ್ತು. ಕುಟಿನ್ಯೊ ಸಂಬಳಕ್ಕೆ ಅಂಥ ಸಮರ್ಥನೆ ಎಲ್ಲಿತ್ತು?

ಸಾಂಕ್ರಾಮಿಕ ಬಂದಾಗ ಅಧ್ಯಕ್ಷ ಬಾರ್ತೊಮೆಯು ಹಿಡಿದ ದಾರಿ ಇನ್ನೂ ಅಪಾಯದ್ದು. 2020ರ ಅಕ್ಟೋಬರ್ 20ರಂದು ಪಿಕೆ, ಟೆರ್ ಸ್ಟೆಗನ್, ಲಾಂಗ್ಲೆ, ಫ್ರೆಂಕಿ ಡಿ ಯಾಂಗ್ ನಾಲ್ವರ ಒಪ್ಪಂದಗಳನ್ನೂ ಒಂದೇ ದಿನ ವಿಸ್ತರಿಸಲಾಯಿತು. ಆ ವರ್ಷದ ಸಂಬಳ ಕಡಿಮೆ, ಮುಂದಿನ ವರ್ಷಗಳಲ್ಲಿ ಬಾಕಿಯೂ ಸೇರಿ ಹೆಚ್ಚು. ಸರಿಯಾಗಿ ಒಂದು ವಾರಕ್ಕೆ ಅವರು ರಾಜೀನಾಮೆ ಕೊಟ್ಟು ಹೊರನಡೆದರು. ಬಾಕಿ ಮಾತ್ರ ಮುಂದಿನವರ ಪಾಲಿಗೆ ಉಳಿಯಿತು. 2021ರ ಮಾರ್ಚ್‌ನಲ್ಲಿ ಅಧ್ಯಕ್ಷರಾಗಿ ಗೆದ್ದು ಬಂದ ಲಾಪೋರ್ತಾ ಆಗಸ್ಟ್‌ನಲ್ಲಿ ಲೆಕ್ಕ ಬಿಚ್ಚಿಟ್ಟರು: ಸಾಲ 135 ಕೋಟಿ ಯೂರೊ. ಮೆಸ್ಸಿಯನ್ನು ಸೇರಿಸಿಕೊಂಡರೆ ಸಂಬಳದ ಖರ್ಚು ಆದಾಯದ ಶೇ 110. ಮೆಸ್ಸಿ ಇಲ್ಲದೆಯೂ ಶೇ 95.

ಈ ಕೊನೆಯ ಅಂಕಿಯಲ್ಲೇ ನಿಮ್ಮ ಎರಡು ಪ್ರಶ್ನೆಗಳಿಗೆ ಉತ್ತರವಿದೆ. ಮಿತಿ ಮೀರಿದ ಕ್ಲಬ್ಬಿಗೆ ಆಗ ಇದ್ದ ನಿಯಮ: ಖರ್ಚಿನಲ್ಲಿ ನಾಲ್ಕು ಯೂರೊ ಉಳಿಸಿದರೆ ಒಂದು ಯೂರೊವನ್ನಷ್ಟೇ ಹೊಸ ನೋಂದಣಿಗೆ ಬಳಸಬಹುದು. ಮೆಸ್ಸಿಯ ಒಪ್ಪಂದ ಜೂನ್ 30ಕ್ಕೆ ಮುಗಿದಿತ್ತು. ಹದಿಮೂರನೇ ವಯಸ್ಸಿಗೆ ಬಂದು 778 ಪಂದ್ಯ ಆಡಿ 672 ಗೋಲು ಹೊಡೆದ ಆಟಗಾರ ಜುಲೈ 1ರ ಬೆಳಿಗ್ಗೆ ನಿಯಮದ ಕಣ್ಣಿಗೆ ಹೊಸದಾಗಿ ಸೇರುವ ಆಟಗಾರ. ಅವರ ಸಂಬಳ ಅರ್ಧಕ್ಕಿಳಿದರೂ ಅದರ ನಾಲ್ಕರಷ್ಟು ಮೊತ್ತವನ್ನು ಬೇರೆಯವರ ಖರ್ಚಿನಲ್ಲಿ ಉಳಿಸಿ ತೋರಿಸಬೇಕಿತ್ತು. ತೋರಿಸುವುದು ಎಲ್ಲಿಂದ?

ಸಂಬಳವಿಲ್ಲದೆ ಆಡುವ ವಿಚಾರ ಆಗಲೂ ಎದ್ದಿತ್ತು. ಕೊನೆ ಗಳಿಗೆಯಲ್ಲಿ ಮೆಸ್ಸಿ ಅಂಥ ಮಾತು ಆಡಬಹುದೆಂದು ಆಶಿಸಿದ್ದೆ ಎಂದು ಲಾಪೋರ್ತಾ ಅದೇ ಅಕ್ಟೋಬರ್‌ನಲ್ಲಿ ರೇಡಿಯೋ ಸಂದರ್ಶನದಲ್ಲಿ ಹೇಳಿದರು. ಅರ್ಧ ಸಂಬಳ ಕೇಳಿದರು, ತಕ್ಷಣ ಒಪ್ಪಿದೆ, ಉಚಿತವಾಗಿ ಆಡು ಎಂದು ಯಾರೂ ನನ್ನನ್ನು ಕೇಳಲಿಲ್ಲ, ಆ ಮಾತು ನನಗೆ ನೋವು ತಂದಿತು ಎಂದು ಮೆಸ್ಸಿ ಉತ್ತರಿಸಿದರು. ಇಲ್ಲಿ ನಾನು ಮೆಸ್ಸಿಯ ಪಕ್ಷ. ನಾಲ್ಕು ವರ್ಷಗಳ ತಪ್ಪು ಲೆಕ್ಕಕ್ಕೆ ಪರಿಹಾರವಾಗಿ ಒಬ್ಬ ಕೆಲಸಗಾರ ಪುಕ್ಕಟೆ ದುಡಿಯಬೇಕೆಂದು ಬಯಸುವುದು ನ್ಯಾಯವಲ್ಲ, ಆ ಕೆಲಸಗಾರ ಎಷ್ಟೇ ಶ್ರೀಮಂತನಾಗಿರಲಿ.

ಒಂದು ದಾರಿ ಇತ್ತು. ಆಗಸ್ಟ್ 4ರಂದು ಲಾ ಲಿಗಾ, ಸಿವಿಸಿ ಎಂಬ ಹೂಡಿಕೆ ಸಂಸ್ಥೆಯ ಜೊತೆ 270 ಕೋಟಿ ಯೂರೊ ಒಡಂಬಡಿಕೆ ಪ್ರಕಟಿಸಿತು. ಕ್ಲಬ್ಬುಗಳಿಗೆ ತಕ್ಷಣ ಹಣ, ಬದಲಿಗೆ ಮುಂದಿನ 50 ವರ್ಷ ಟಿವಿ ಹಕ್ಕಿನ ಆದಾಯದಲ್ಲಿ ಪಾಲು. ಸಹಿ ಹಾಕಿದ್ದರೆ ಮಿತಿ ಹಿಗ್ಗುತ್ತಿತ್ತು, ಮೆಸ್ಸಿ ಉಳಿಯುವ ಸಾಧ್ಯತೆ ಇತ್ತು. ಅರ್ಧ ಶತಮಾನಕ್ಕೆ ಕ್ಲಬ್ಬನ್ನು ಅಡವಿಡಲಾರೆ ಎಂದು ಲಾಪೋರ್ತಾ ನಿರಾಕರಿಸಿದರು. ಆಗಸ್ಟ್ 5ರ ಸಂಜೆ ಮೆಸ್ಸಿ ಮುಂದುವರಿಯುವುದಿಲ್ಲ ಎಂಬ ಪ್ರಕಟಣೆ ಬಂತು. 8ರಂದು ವಿದಾಯ ಹೇಳುತ್ತಾ ಮೆಸ್ಸಿ ಅತ್ತರು, 10ರಂದು ಪಿಎಸ್‌ಜಿಗೆ ಸಹಿ ಹಾಕಿದರು. ಅಂದು ಆ ನಿರಾಕರಣೆಯನ್ನು ಮೆಚ್ಚಿದವರಲ್ಲಿ ನಾನೂ ಇದ್ದೆ, ಇಂದಿಗೂ ಅದು ಸರಿಯಾದ ತೀರ್ಮಾನ ಎನ್ನುತ್ತೇನೆ. ಆದರೆ 2022ರ ಬೇಸಿಗೆಯಲ್ಲಿ ಅದೇ ಅಧ್ಯಕ್ಷರು ಲೀಗ್ ಟಿವಿ ಹಕ್ಕಿನ ಶೇ 25ರಷ್ಟನ್ನು 25 ವರ್ಷಗಳಿಗೆ ಸಿಕ್ಸ್ತ್ ಸ್ಟ್ರೀಟ್ ಎಂಬ ಸಂಸ್ಥೆಗೆ ಮಾರಿ ಲೆವಾಂಡೊವ್‌ಸ್ಕಿ, ರಫೀನ್ಯಾ, ಕೂಂಡೆ ಅವರನ್ನು ತಂದರು. ಮೆಸ್ಸಿಗಾಗಿ ಮುಟ್ಟಲಾರದ್ದನ್ನು ಒಂದೇ ವರ್ಷದಲ್ಲಿ ಬೇರೆಯವರಿಗಾಗಿ ಮುಟ್ಟಿದ್ದು ಹೇಗೆ ಎಂದು ಕೇಳುವ ಹಕ್ಕು ಕ್ಲಬ್ಬಿನ ಸದಸ್ಯರಿಗೆ ಖಂಡಿತ ಇದೆ.

70 ಕೋಟಿಯ ವಿಷಯ ಚಿಕ್ಕದು. ಬಿಡುಗಡೆ ಮೊತ್ತಕ್ಕೆ ಒಪ್ಪಂದ ಇರುವವರೆಗಷ್ಟೇ ಬೆಲೆ. ಒಪ್ಪಂದ ಮುಗಿದ ಆಟಗಾರ ಸ್ವತಂತ್ರ, ಅವನಿಗಾಗಿ ಹಳೆಯ ಕ್ಲಬ್ ಹಣ ಕೇಳುವಂತಿಲ್ಲ ಎಂದು ಬೊಸ್ಮನ್ ಪ್ರಕರಣದಲ್ಲಿ ಯುರೋಪಿನ ನ್ಯಾಯಾಲಯ 1995ರ ಡಿಸೆಂಬರ್ 15ರಂದೇ ತೀರ್ಪು ಕೊಟ್ಟಿದೆ. 2020ರ ಆಗಸ್ಟ್‌ನಲ್ಲಿ ಮೆಸ್ಸಿ ಬ್ಯೂರೋಫ್ಯಾಕ್ಸ್ (ಸ್ಪೇನಿನಲ್ಲಿ ದಾಖಲೆಯಾಗಿ ಉಳಿಯುವ ಅಂಚೆ ಪತ್ರ) ಕಳಿಸಿ ಹೊರಡುತ್ತೇನೆ ಎಂದಾಗ ಕ್ಲಬ್ 70 ಕೋಟಿಯ ಪಟ್ಟು ಹಿಡಿಯಿತು. ಪ್ರತಿ ಋತುವಿನ ಕೊನೆಗೆ ಉಚಿತವಾಗಿ ಹೋಗುವ ಅವಕಾಶ ಒಪ್ಪಂದದಲ್ಲಿತ್ತಾದರೂ ಜೂನ್ 10ರೊಳಗೆ ತಿಳಿಸಬೇಕಿತ್ತು. ಕೋವಿಡ್‌ನಿಂದ ಋತು ಆಗಸ್ಟ್‌ವರೆಗೆ ಎಳೆದಿದ್ದರಿಂದ ಆ ದಿನಾಂಕವೂ ಮುಂದೆ ಹೋಗಬೇಕೆಂಬುದು ಮೆಸ್ಸಿಯ ವಾದ. ಕ್ಲಬ್ಬನ್ನು ಕೋರ್ಟಿಗೆ ಎಳೆಯಲು ಮನಸ್ಸಾಗದೆ ಉಳಿದರು. ಆಗ ಮಾತುಕತೆಗೆ ಕುಳಿತಿದ್ದರೆ ಒಂದಷ್ಟು ಹಣ ಬರುತ್ತಿತ್ತು. ಒಂದು ವರ್ಷ ಕಳೆಯಿತು, ಎಲ್ಲವೂ ಸೊನ್ನೆಯಾಯಿತು.

ಈಗ ಆ ಋತುವಿನ ನಿಜವಾದ ಕಥೆಗೆ ಬರೋಣ. ಬಂದವರು, ಹೋದವರ ಪಟ್ಟಿಗಿಂತ ತಂಡದಲ್ಲೇ ಉಳಿದವರ ಒಪ್ಪಂದಗಳಲ್ಲಿ ಆದ ಬದಲಾವಣೆಯೇ ನನಗೆ ದೊಡ್ಡದಾಗಿ ಕಾಣುತ್ತದೆ. ಮೆಂಫಿಸ್ ಡೀಪೈ, ಎರಿಕ್ ಗಾರ್ಸಿಯಾ, ಸರ್ಜಿಯೊ ಅಗುವೆರೊ ಮೂವರೂ ಹಳೆಯ ಒಪ್ಪಂದ ಮುಗಿಸಿ ಬಂದವರು. ಬಾರ್ಸಿಲೋನಾ ವರ್ಗಾವಣೆ ಶುಲ್ಕ ಕೊಡಲಿಲ್ಲ. ಸಹಿ ಆಗಿತ್ತು, ಜರ್ಸಿ ಹಿಡಿದು ಫೋಟೊ ತೆಗೆದದ್ದೂ ಆಗಿತ್ತು, ನೋಂದಣಿ ಮಾತ್ರ ಆಗಿರಲಿಲ್ಲ. ಮೊದಲ ಪಂದ್ಯ ಆಗಸ್ಟ್ 15ಕ್ಕೆ. ಹಿಂದಿನ ದಿನ ಪಿಕೆ ತಮ್ಮ ಸಂಬಳದಲ್ಲಿ ದೊಡ್ಡ ಕಡಿತಕ್ಕೆ ಒಪ್ಪಿದರು. ಅದರಿಂದ ಮೆಂಫಿಸ್, ಗಾರ್ಸಿಯಾ ಇಬ್ಬರ ಹೆಸರೂ ಪಟ್ಟಿಗೆ ಬಂತು. ಮರುದಿನ ರಿಯಲ್ ಸೊಸಿಯೆದಾದ್ ವಿರುದ್ಧ ಮೊದಲ ಗೋಲು ಬಂದದ್ದು ಹೇಗೆ ಗೊತ್ತೇ? ಮೆಂಫಿಸ್ ಫ್ರೀ ಕಿಕ್ ಎತ್ತಿ ಹಾಕಿದರು, ಪಿಕೆ ತಲೆಯಿಂದ ಹೊಡೆದರು. ಸಂಬಳ ಬಿಟ್ಟವನಿಗೆ, ಆ ಸಂಬಳದಿಂದ ಜಾಗ ಸಿಕ್ಕವನು ಒದಗಿಸಿದ ಗೋಲು! ಬಾರ್ಸಾ 4-2ರಿಂದ ಗೆದ್ದಿತು. ಆಗಸ್ಟ್ ಮುಗಿಯುವ ಹೊತ್ತಿಗೆ ಬುಸ್ಕೆಟ್ಸ್, ಜೋರ್ಡಿ ಆಲ್ಬಾ ಕೂಡ ಕಡಿತಕ್ಕೆ ಒಪ್ಪಿದರು, ಅಗುವೆರೊ ಹೆಸರೂ ಪಟ್ಟಿಗೆ ಸೇರಿತು.

ಆಗಸ್ಟ್ 31, ವರ್ಗಾವಣೆಯ ಕೊನೆ ದಿನ. ಎಮರ್ಸನ್‌ನನ್ನು ಬೇಸಿಗೆಯ ಆರಂಭದಲ್ಲಿ ಬೆಟಿಸ್‌ನಿಂದ 90 ಲಕ್ಷ ಯೂರೊಗೆ ಕರೆತಂದಿದ್ದರು. ಮೂರು ಪಂದ್ಯ ಆಡಿಸಿ ಆ ದಿನ 2.5 ಕೋಟಿಗೆ ಟೊಟೆನ್‌ಹ್ಯಾಮ್‌ಗೆ ಮಾರಿಬಿಟ್ಟರು. ಹದಿನೆಂಟರ ಇಲೈಶ್ ಮೊರಿಬಾ, ಕ್ಲಬ್ಬಿನದೇ ಲಾ ಮಾಸಿಯಾ ತರಬೇತಿಶಾಲೆಯಲ್ಲಿ ಬೆಳೆದ ಹುಡುಗ, ಹೊಸ ಒಪ್ಪಂದಕ್ಕೆ ಒಪ್ಪದೆ 1.6 ಕೋಟಿಗೆ ಲೈಪ್‌ಜಿಗ್ ಸೇರಿದ. ಮನೆಯಲ್ಲೇ ಬೆಳೆದ ಹುಡುಗನಿಗೆ ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ ಖರೀದಿ ಬೆಲೆಯೇ ಇರುವುದಿಲ್ಲ, ಬಂದದ್ದೆಲ್ಲ ಲಾಭ. ಹಣಕ್ಕೆ ಪರದಾಡುವ ಕ್ಲಬ್ಬಿಗೆ ತನ್ನ ಮಕ್ಕಳನ್ನೇ ಮೊದಲು ಮಾರುವ ಆಸೆ ಹುಟ್ಟಿಸುವ ಲೆಕ್ಕ ಇದು. ಈ ನಿಯಮದಲ್ಲಿ ನನಗೆ ಅತ್ಯಂತ ಬೇಸರ ತರುವ ಭಾಗವೂ ಇದೇ.

ಗ್ರೀಜ್‌ಮನ್‌ರದು ಇದಕ್ಕೆ ತಿರುಗಾಮುರುಗಾ. 12 ಕೋಟಿಗೆ ಐದು ವರ್ಷದ ಒಪ್ಪಂದ ಎಂದರೆ ಸರಳ ಲೆಕ್ಕದಲ್ಲಿ ಪುಸ್ತಕದಲ್ಲಿ ವರ್ಷಕ್ಕೆ 2.4 ಕೋಟಿ ಕಳೆಯುತ್ತಾ ಹೋಗಬೇಕು. ಎರಡು ವರ್ಷದ ನಂತರವೂ 7.2 ಕೋಟಿ ಉಳಿದಿರುತ್ತದೆ. ಅದಕ್ಕಿಂತ ಕಡಿಮೆಗೆ ಮಾರಿದರೆ ವ್ಯತ್ಯಾಸ ನಷ್ಟವಾಗಿ ದಾಖಲಾಗುತ್ತದೆ. ಹಾಗಾಗಿ ಮಾರದೆ, ಅದೇ ಆಗಸ್ಟ್ 31ರ ರಾತ್ರಿ ಹಳೆಯ ಕ್ಲಬ್ ಅಟ್ಲೆಟಿಕೊಗೆ ಎರವಲು ಕೊಟ್ಟರು. ಆ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಆಡಲು ಲಭ್ಯವಿದ್ದ ಪಂದ್ಯಗಳಲ್ಲಿ ಅರ್ಧದಷ್ಟರಲ್ಲಾದರೂ 45 ನಿಮಿಷ ಆಡಿದರೆ ಅಟ್ಲೆಟಿಕೊ 4 ಕೋಟಿ ಕೊಟ್ಟು ಕೊಳ್ಳಲೇಬೇಕು. ಎರಡನೇ ಋತುವಿನ ಆರಂಭದಲ್ಲಿ ಕೋಚ್ ಸಿಮಿಯೊನೆ ಗ್ರೀಜ್‌ಮನ್‌ರನ್ನು ಪಂದ್ಯ ಒಂದು ಗಂಟೆ ದಾಟಿದ ಮೇಲಷ್ಟೇ ಅಂಗಳಕ್ಕೆ ಇಳಿಸತೊಡಗಿದರು! ಕೊನೆಗೆ 2022ರ ಅಕ್ಟೋಬರ್‌ನಲ್ಲಿ ಎರಡೂ ಕ್ಲಬ್ಬುಗಳು 2 ಕೋಟಿಯ ಮೂಲ ಬೆಲೆಗೆ ರಾಜಿಯಾದವು. ಒಪ್ಪಂದದ ಒಂದು ಸಾಲು ಆಟಗಾರ ಯಾವ ನಿಮಿಷಕ್ಕೆ ಅಂಗಳಕ್ಕೆ ಇಳಿಯಬೇಕೆಂಬುದನ್ನೂ ತೀರ್ಮಾನಿಸಬಲ್ಲದು.

ಅಗುವೆರೊ ವಿಷಯಕ್ಕೆ ಮನಸ್ಸು ಭಾರವಾಗುತ್ತದೆ. ಅಕ್ಟೋಬರ್ 24ರಂದು ರಿಯಲ್ ಮ್ಯಾಡ್ರಿಡ್ ವಿರುದ್ಧ ಗೋಲು ಹೊಡೆದರು. 30ರಂದು ಅಲಾವೆಸ್ ವಿರುದ್ಧದ ಪಂದ್ಯದಲ್ಲಿ ಎದೆ ಹಿಡಿದು ನಿಂತರು. ಹೃದಯ ಬಡಿತದ ತೊಂದರೆ. ಡಿಸೆಂಬರ್ 15ಕ್ಕೆ ನಿವೃತ್ತಿ. ಗೆಳೆಯ ಮೆಸ್ಸಿಯ ಜೊತೆ ಆಡುವ ಆಸೆ ಹೊತ್ತು ಬಂದಿದ್ದವರು ಅವರು.

ನಡುವೆ ಕೋಚ್ ಕೂಮನ್ ಹೋಗಿ ಶಾವಿ ಬಂದರು. ಅದೇ ಅಕ್ಟೋಬರ್‌ನಲ್ಲಿ ಪೆಡ್ರಿ 2026ರವರೆಗೆ, ಅನ್ಸು ಫಾಟಿ 2027ರವರೆಗೆ ಒಪ್ಪಂದ ವಿಸ್ತರಿಸಿದರು. ಇಬ್ಬರಿಗೂ ಬಿಡುಗಡೆ ಮೊತ್ತ 100 ಕೋಟಿ ಯೂರೊ. ನೇಮಾರ್ ಪ್ರಕರಣ ಕಲಿಸಿದ ಪಾಠ ಅದು, ಯಾರೂ ಎಣಿಸಿ ಕೊಡಲಾಗದಷ್ಟು ಎತ್ತರಕ್ಕೆ ಬೇಲಿ.

ಈಗ ಫೆರಾನ್. ಹಣ ಎಲ್ಲಿಂದ ಬಂತು ಎಂಬುದು ಗುಟ್ಟೇನಲ್ಲ. ಗೋಲ್ಡ್‌ಮನ್ ಸ್ಯಾಕ್ಸ್ ಮೂಲಕ ಕ್ಲಬ್ ಸುಮಾರು 59.5 ಕೋಟಿ ಯೂರೊ ಸಾಲ ಎತ್ತಿತ್ತು, ವರ್ಗಾವಣೆ ಶುಲ್ಕವನ್ನು ಕಂತುಗಳಲ್ಲಿ ಕೊಡುವುದು ಎಲ್ಲೆಡೆ ರೂಢಿ. ಒಪ್ಪಂದ 2027ರ ಜೂನ್‌ವರೆಗೆ, ಅಂದರೆ ಐದೂವರೆ ವರ್ಷ. 5.5 ಕೋಟಿಯನ್ನು ಐದೂವರೆಯಿಂದ ಭಾಗಿಸಿದರೆ ಮಿತಿಯೊಳಗೆ ವರ್ಷಕ್ಕೆ 1 ಕೋಟಿಯ ಪಾಲು, ಮೇಲೆ ಸಂಬಳ. ಪತ್ರಿಕೆಯ ಶೀರ್ಷಿಕೆಯಲ್ಲಿ ಕಂಡಷ್ಟು ದೊಡ್ಡ ಹೊರೆಯಲ್ಲ. ಅಷ್ಟಕ್ಕೂ ಜಾಗವಿರಲಿಲ್ಲ ಎಂಬುದು ಬೇರೆ ಮಾತು. ಡಿಸೆಂಬರ್ 28ಕ್ಕೆ ಸಹಿಯಾದ ಆಟಗಾರ ಜನವರಿಯ ಎರಡನೇ ವಾರದವರೆಗೆ ಕಾಯಬೇಕಾಯಿತು. ಕುಟಿನ್ಯೊ ಎರವಲಿನ ಮೇಲೆ ಆಸ್ಟನ್ ವಿಲ್ಲಾಗೆ ಹೋದರು. ಆಮೇಲೆ ಜನವರಿ 10ರಂದು ಕ್ಲಬ್ ಪ್ರಕಟಿಸಿದ ಸುದ್ದಿ ಕಂಡು ಅನೇಕರು ಕಣ್ಣುಜ್ಜಿಕೊಂಡರು: ಸಾಮುವೆಲ್ ಉಮ್ಟಿಟಿಯ ಒಪ್ಪಂದ 2026ರವರೆಗೆ ವಿಸ್ತರಣೆ!

ಮೊಣಕಾಲಿನ ನೋವಿನಿಂದ ಹೆಚ್ಚು ಆಡದೇ ಇದ್ದ, ಕ್ಲಬ್ ಕಳಿಸಿಕೊಡಲು ಹವಣಿಸುತ್ತಿದ್ದ ಆಟಗಾರನಿಗೆ ಮೂರು ವರ್ಷ ಹೆಚ್ಚುವರಿ ಏಕೆ? ಅವರ ಹಳೆಯ ಒಪ್ಪಂದ 2023ರ ಜೂನ್‌ವರೆಗೆ, ಇನ್ನು ಒಂದೂವರೆ ವರ್ಷ ಬಾಕಿ. ಲೆಕ್ಕಕ್ಕಾಗಿ ಅವರಿಗೆ ಬರಬೇಕಾದ್ದು 90 ರೂಪಾಯಿ ಎಂದಿಟ್ಟುಕೊಳ್ಳಿ. ಒಂದೂವರೆ ವರ್ಷದಲ್ಲಿ ಕೊಟ್ಟರೆ ವರ್ಷದ ಹೊರೆ 60 ರೂಪಾಯಿ. ಅದನ್ನೇ ನಾಲ್ಕೂವರೆ ವರ್ಷಕ್ಕೆ ಹರಡಿದರೆ ವರ್ಷಕ್ಕೆ 20. ಈ ಋತುವಿನ ಲೆಕ್ಕದಲ್ಲಿ ಇಳಿದ ಅಷ್ಟರಲ್ಲಿ ಫೆರಾನ್ ಹೆಸರು ನೋಂದಣಿಯಾಯಿತು. ಜನವರಿ 12ರಂದು ರಿಯಾದ್‌ನಲ್ಲಿ ಮ್ಯಾಡ್ರಿಡ್ ವಿರುದ್ಧ ಸ್ಪ್ಯಾನಿಷ್ ಸೂಪರ್ ಕಪ್ ಪಂದ್ಯದಲ್ಲಿ ಅವರು ಅಂಗಳಕ್ಕಿಳಿದರು. ಉಮ್ಟಿಟಿಗೆ ನಷ್ಟವಿಲ್ಲ, ಕ್ಲಬ್ಬಿಗೆ ತುರ್ತು ನೀಗಿತು. ಆದರೆ ಬಾರ್ತೊಮೆಯು 2020ರ ಅಕ್ಟೋಬರ್‌ನಲ್ಲಿ ಮಾಡಿದ್ದಕ್ಕೂ ಇದಕ್ಕೂ ಗುಣದಲ್ಲಿ ಎಷ್ಟು ವ್ಯತ್ಯಾಸವಿದೆ? ಮೊತ್ತ ಚಿಕ್ಕದು, ಉದ್ದೇಶ ಸ್ಪಷ್ಟ ಎಂಬುದು ನಿಜ. ಮುಂದಿನ ವರ್ಷಗಳ ಹೆಗಲಿಗೆ ಹೊರೆ ದಾಟಿಸುವ ಕ್ರಮ ಮಾತ್ರ ಅದೇ.

ಡೆಂಬೆಲೆ ಕಥೆ ಇನ್ನೊಂದು ಮುಖ ತೋರಿಸುತ್ತದೆ. ಅವರ ಒಪ್ಪಂದ 2022ರ ಜೂನ್‌ಗೆ ಮುಗಿಯುವುದಿತ್ತು. ಕ್ಲಬ್ ಕೊಟ್ಟ ಮೊತ್ತಕ್ಕೆ ಒಪ್ಪಲಿಲ್ಲ. ತಕ್ಷಣ ಹೊರಡಿ ಎಂದು ಕ್ಲಬ್ಬಿನವರು ಜನವರಿ 20ರಂದು ಬಹಿರಂಗವಾಗಿಯೇ ಹೇಳಿದರು. ಡೆಂಬೆಲೆ ಹೋಗಲಿಲ್ಲ. ಒಪ್ಪಂದ ಇರುವವರೆಗೆ ಆಟಗಾರನನ್ನು ಬಲವಂತದಿಂದ ಕಳಿಸುವ ಅಧಿಕಾರ ಯಾವ ಕ್ಲಬ್ಬಿಗೂ ಇಲ್ಲ. ಶಾವಿ ಅವರನ್ನು ಮೂಲೆಗೆ ತಳ್ಳದೆ ಆಡಿಸಿದರು. ಲೀಗ್‌ನಲ್ಲೇ ಅತಿ ಹೆಚ್ಚು, 13 ಅಸಿಸ್ಟ್ (ಗೋಲಿಗೆ ದಾರಿಯಾಗುವ ಪಾಸ್) ಕೊಟ್ಟು ಅವರು ಋತು ಮುಗಿಸಿದರು, ಜುಲೈನಲ್ಲಿ ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಶಾವಿಯ ಆ ನಿಲುವಿಗೆ ನನ್ನ ಪೂರ್ತಿ ಮೆಚ್ಚುಗೆಯಿದೆ. ಜನವರಿ ಕೊನೆಯಲ್ಲಿ ಆರ್ಸೆನಲ್‌ನಿಂದ ಶುಲ್ಕವಿಲ್ಲದೆ ಬಂದ ಔಬಮೆಯಾಂಗ್ ಮಾರ್ಚ್ 20ರಂದು ಮ್ಯಾಡ್ರಿಡ್‌ನ ಅಂಗಳದಲ್ಲೇ ಎರಡು ಗೋಲು ಹೊಡೆದರು, ಫೆರಾನ್ ಒಂದು, ಅರೌಹೊ ಒಂದು. ಫಲಿತಾಂಶ 0-4. ಆ ರಾತ್ರಿಯ ನಾಲ್ಕು ಗೋಲುಗಳಲ್ಲಿ ಮೂರು ಆ ಚಳಿಗಾಲದಲ್ಲಿ ಬಂದವರವು. ಋತುವಿನ ಕೊನೆಗೆ ಕ್ಲಬ್ 73 ಅಂಕಗಳೊಂದಿಗೆ ಎರಡನೇ ಸ್ಥಾನದಲ್ಲಿತ್ತು, ಟ್ರೋಫಿ ಒಂದೂ ಇರಲಿಲ್ಲ.

ಉಮ್ಟಿಟಿ ಮುಂದಿನ ವರ್ಷ ಎರವಲಿನ ಮೇಲೆ ಇಟಲಿಯ ಲೆಚ್ಚೆಗೆ ಹೋದರು, 2023ರ ಬೇಸಿಗೆಯಲ್ಲಿ ಒಪ್ಪಂದವನ್ನು ಮುಂಚಿತವಾಗಿಯೇ ಕೊನೆಗೊಳಿಸಲಾಯಿತು. ನೋಂದಣಿಯ ಕಾಟ ಮಾತ್ರ ಬಾರ್ಸಿಲೋನಾವನ್ನು ಬಿಡಲಿಲ್ಲ. 2024ರ ಆಗಸ್ಟ್‌ನಲ್ಲಿ ಬಂದ ಡಾನಿ ಓಲ್ಮೊಗೆ ಡಿಸೆಂಬರ್ 31ರವರೆಗಷ್ಟೇ ನೋಂದಣಿ ಸಿಕ್ಕಿತ್ತು, ಅದೂ ತಂಡದ ಇನ್ನೊಬ್ಬ ಆಟಗಾರ ಕ್ರಿಸ್ಟೆನ್ಸನ್ ಗಾಯಗೊಂಡು ತೆರವಾದ ಮಿತಿಯಲ್ಲಿ. ಹೊಸ ವರ್ಷದ ದಿನ ಅವರು ಪಟ್ಟಿಯಿಂದ ಹೊರಗಿದ್ದರು. ಜನವರಿ 8ರಂದು ಸ್ಪೇನ್ ಸರ್ಕಾರದ ಕ್ರೀಡಾ ಪರಿಷತ್ತು ಮಧ್ಯಂತರ ಆದೇಶ ಕೊಟ್ಟ ಮೇಲೆಯೇ ಅವರಿಗೆ ಮತ್ತೆ ಆಡಲು ಸಾಧ್ಯವಾಯಿತು.